ಸೆರಗಿನ ಮರೆಯ ಎಡೆ

ಮೃತರ ಸ್ಮರಣೆಯ ದಿನದಂದು ಸಮಾಧಿಭೂಮಿಯ ಆಶೀರ್ವಾದ ಮುಗಿಸಿ ಹಿಂದಿರುಗುತ್ತಿದ್ದೆವು. ಜನರು ಬಹುಪಾಲು ಚದುರಿದ್ದರು. ಮೂಲೆಯ ಸಮಾಧಿಯೊಂದರ ಬಳಿ ವಯಸ್ಸಾದ ತಾಯಿಯೊಬ್ಬರು ಒಬ್ಬರೇ ಕುಳಿತಿದ್ದರು. ಚೆಂಡುಹೂವಿನ ಎಸಳುಗಳ ನಡುವೆ, ಬಾಳೆಯೆಲೆಯ ತುಂಡೊಂದರ ಮೇಲೆ ನಾಲ್ಕು ಕಜ್ಜಾಯಗಳಿದ್ದವು. ನಮ್ಮ ನಿಲುವಂಗಿಯನ್ನು ಕಂಡದ್ದೇ ತಡ, ಆಕೆ ಗಾಬರಿಯಿಂದ ಸೆರಗೆಳೆದು ಎಲೆಯನ್ನು ಮುಚ್ಚಿದರು. “ತಪ್ಪು ತಿಳೀಬೇಡಿ ಸ್ವಾಮಿ, ಮಗನಿಗೆ ಇದು ಅಂದ್ರೆ ಪ್ರಾಣ” ಎಂದರು. ಗುರುಮಠದಲ್ಲಿ ಓದಿದ ತತ್ತ್ವಶಾಸ್ತ್ರ ನಮ್ಮ ನಾಲಗೆಯ ತುದಿಯಲ್ಲೇ ಇತ್ತು. “ಆತ್ಮಕ್ಕೆ ಹಸಿವಿಲ್ಲಮ್ಮ” ಎಂದುಬಿಟ್ಟೆವು. ಮಾತು ಸತ್ಯವೇ. ಆದರೆ ಆ ತಾಯಿ ಎಲೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ನಡೆದುಹೋದುದನ್ನು ಕಂಡಾಗ, ಸತ್ಯವನ್ನು ನುಡಿದೂ ಏನೋ ತಪ್ಪಿದೆವೆಂಬ ಅಳುಕು ನಮ್ಮಲ್ಲಿ ಉಳಿಯಿತು.

ಆ ಸಮಾಧಿಯ ಮೇಲಿದ್ದ ಚೆಂಡುಹೂವೇ ನಮ್ಮ ಯೋಚನೆಯನ್ನು ಬಹುದೂರಕ್ಕೆ ಕೊಂಡೊಯ್ದಿತು. ನಮ್ಮ ಹಬ್ಬಹರಿದಿನಗಳಲ್ಲಿ ಮಾರುಕಟ್ಟೆಯ ತುಂಬ ರಾಶಿ ಬೀಳುವ ಈ ಹೂವು ಮೂಲತಃ ಭಾರತದ್ದಲ್ಲ. ಅದರ ತವರು ಮೆಕ್ಸಿಕೋ ಸೀಮೆ. ಅಲ್ಲಿ ಅದು ಇಂದಿಗೂ ಮೃತರ ಹೂವು. ಆ ದೇಶದ ಪಶ್ಚಿಮ ಭಾಗದಲ್ಲಿ ಮಿಚೊವಾಕಾನ್ ಎಂಬ ರಾಜ್ಯವಿದೆ. ಮೀನು ಉಳ್ಳವರ ನಾಡು ಎಂಬುದು ಆ ಹೆಸರಿನ ಅರ್ಥ. ಅಲ್ಲಿನ ಪಾಟ್ಸ್‌ಕ್ವಾರೊ ಸರೋವರದ ಸುತ್ತಲೂ ಪುರೆಪೆಚಾ ಎಂಬ ಮೂಲನಿವಾಸಿಗಳು ವಾಸಿಸುತ್ತಾರೆ. ಈ ಜನರು ತಮ್ಮ ಕಥೋಲಿಕ ವಿಶ್ವಾಸವನ್ನು ಆಚರಿಸುವ ಬಗೆಯಲ್ಲಿ, ನಾವು ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ಅಡಗಿದೆಯೆಂದು ನಮಗೆ ತೋರುತ್ತದೆ.

ನವೆಂಬರ್ 1ರ ಸಕಲ ಸಂತರ ಹಬ್ಬದಂದು ಪುರೆಪೆಚಾ ಜನರು ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳನ್ನು ನೆನೆಯುತ್ತಾರೆ. ಅಂದಿನ ರಾತ್ರಿ ಹಿರಿಯರ ಸರದಿ. ಸರೋವರದ ನಡುವಿನ ಹಾನಿಟ್ಸಿಯೊ ದ್ವೀಪದಲ್ಲಿ ಹೆಂಗಸರು ಮಕ್ಕಳೊಡನೆ ಸಮಾಧಿಭೂಮಿಗೆ ಬಂದು, ಚೆಂಡುಹೂವಿನ ಕಮಾನುಗಳನ್ನು ನಿಲ್ಲಿಸಿ, ಕಸೂತಿಯ ವಸ್ತ್ರ ಹಾಸಿ, ಅಗಲಿದವರಿಗೆ ಪ್ರಿಯವಾಗಿದ್ದ ತಿನಿಸು, ಹಣ್ಣು, ಬ್ರೆಡ್ಡುಗಳನ್ನು ಇಡುತ್ತಾರೆ. ಮೇಣದಬತ್ತಿಗಳು ಬೆಳಗುತ್ತವೆ, ಧೂಪ ಏಳುತ್ತದೆ, ದೇವಾಲಯದ ಗಂಟೆ ರಾತ್ರಿಯಿಡೀ ಬಾರಿಸುತ್ತಿರುತ್ತದೆ. ಮನೆಗಳಲ್ಲಿಯೂ ಮೃತರ ಭಾವಚಿತ್ರ, ಶಿಲುಬೆ, ನೀರು, ಉಪ್ಪುಗಳೊಡನೆ ಎಡೆ ಇಡುವುದುಂಟು. ಇದೇ ಸಮಯಕ್ಕೆ ಉತ್ತರ ಅಮೆರಿಕದಿಂದ ಲಕ್ಷೋಪಲಕ್ಷ ಮೊನಾರ್ಕ್ ಚಿಟ್ಟೆಗಳು ಆ ರಾಜ್ಯದ ಬೆಟ್ಟಗಾಡುಗಳಿಗೆ ವಲಸೆ ಬರುತ್ತವೆ. ತಮ್ಮವರೇ ಮರಳಿ ಬಂದರೆಂದು ಹಳ್ಳಿಗರು ಹೇಳುವುದುಂಟು.

ಇದನ್ನು ದೂರದಿಂದ ಕಂಡವರು ಅಂಧಶ್ರದ್ಧೆಯೆನ್ನಬಹುದು. ಆದರೆ ಹತ್ತಿರದಿಂದ ಕಂಡವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ವರ್ಷದೊಳಗೆ ಸಾವು ಸಂಭವಿಸಿದ ಮನೆಯಲ್ಲಿ ಆ ಬಾರಿಯ ಎಡೆ ದೊಡ್ಡದು. ನೆಂಟರಿಷ್ಟರು, ನೆರೆಹೊರೆಯವರು ಹಣ್ಣು, ಬ್ರೆಡ್ಡು, ಮೇಣದಬತ್ತಿಗಳನ್ನು ಹೊತ್ತು ಆ ಮನೆಗೆ ಬರುತ್ತಾರೆ. ಬಂದವರನ್ನು ಬರಿಗೈಯಲ್ಲಿ, ಬರಿಹೊಟ್ಟೆಯಲ್ಲಿ ಕಳುಹಿಸುವಂತಿಲ್ಲ. ಮನೆಯವರು ಅವರಿಗೆ ಉಣಬಡಿಸುತ್ತಾರೆ. ದುಃಖದಲ್ಲಿರುವ ಕುಟುಂಬ ಆ ದಿನ ಒಂಟಿಯಾಗಿರುವುದಿಲ್ಲ. ಎಡೆ ಇಡುವುದು ಮೃತರ ಹೆಸರಿನಲ್ಲಾದರೂ, ಉಣ್ಣುವವರು ಬದುಕಿರುವವರೇ ಎಂಬುದು ಗಮನಾರ್ಹ.

ಈ ಪದ್ಧತಿಯ ಬೇರು ಒಂದೇ ನೆಲದಲ್ಲಿಲ್ಲ. ನವೆಂಬರ್ 2ರಂದು ಸಕಲ ಮೃತರನ್ನು ಸ್ಮರಿಸುವ ವಾಡಿಕೆಯನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಸಂತ ಓದಿಲೊ ಆರಂಭಿಸಿದರು. ಆ ದಿನ ಸಮಾಧಿಗಳ ಮೇಲೆ ಬ್ರೆಡ್ಡು, ಮೇಣದಬತ್ತಿ ಇಡುವ ರೂಢಿ ಸ್ಪೇನಿನ ಕ್ರೈಸ್ತರಲ್ಲಿಯೂ ಇತ್ತು. ಅದು ಸಾಗರ ದಾಟಿ ಬಂದು, ಮೃತರಿಗೆ ಅರ್ಪಣೆ ಸಲ್ಲಿಸುತ್ತಿದ್ದ ಮೂಲನಿವಾಸಿಗಳ ಸಂಪ್ರದಾಯದೊಡನೆ ಬೆರೆಯಿತು.

ಆ ಬೆರಕೆ ಸುಲಭವಾಗಿ ಆಗಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಶಿಲುಬೆಯ ಹೆಸರು ಹೇಳಿಕೊಂಡು ಬಂದ ದಂಡನಾಯಕರ ಕೈಯಲ್ಲಿ ಕತ್ತಿಯೂ ಇತ್ತು. 1530ರಲ್ಲಿ ನೂನ್ಯೊ ದೆ ಗುಸ್ಮಾನ್ ಎಂಬಾತ ಪುರೆಪೆಚಾ ಅರಸ ತಂಗಾಶುವಾನನನ್ನು ಹಿಂಸಿಸಿ ಕೊಲ್ಲಿಸಿದನು. ಜನರು ಬೆಟ್ಟಗಳಿಗೆ ಓಡಿಹೋದರು. ಅಂಥ ಗಾಯದ ಮೇಲೆ ಮುಲಾಮು ಹಚ್ಚಲು ಬಂದವರು ವಾಸ್ಕೊ ದೆ ಕಿರೋಗಾ. 1531ರಲ್ಲಿ ನ್ಯಾಯಾಧೀಶರಾಗಿ ಮೆಕ್ಸಿಕೋಗೆ ಬಂದ ಇವರು ಗುರುದೀಕ್ಷೆ ಪಡೆಯದ ಸಾಮಾನ್ಯ ವಿಶ್ವಾಸಿ. ಸಂತ ತೋಮಸ್ ಮೋರ್ 1516ರಲ್ಲಿ ಪ್ರಕಟಿಸಿದ ‘ಯುಟೋಪಿಯ’ ಕೃತಿಯಿಂದ ಪ್ರೇರಿತರಾಗಿ ‘ಆಸ್ಪತ್ರೆ ಗ್ರಾಮ’ಗಳನ್ನು ಕಟ್ಟಿದರು. ಸರೋವರದ ದಡದ ಸಾಂತಾ ಫೆ ಅವುಗಳಲ್ಲೊಂದು. ಅಲ್ಲಿ ಭೂಮಿ ಎಲ್ಲರದು. ದುಡಿಮೆ ದಿನಕ್ಕೆ 6 ಗಂಟೆ. ಬೆಳೆದುದರಲ್ಲಿ ಅವರವರ ಅಗತ್ಯಕ್ಕೆ ತಕ್ಕಷ್ಟು ಪಾಲು. ಮಿಕ್ಕುದು ರೋಗಿಗಳಿಗೂ ದೀನರಿಗೂ ಮೀಸಲು. 1538ರಲ್ಲಿ ಅವರು ಮಿಚೊವಾಕಾನಿನ ಪ್ರಥಮ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. 1565ರಲ್ಲಿ ಪ್ರಭುವಿನ ಪಾದ ಸೇರಿದರು. ಜನರು ಅವರನ್ನು ಇಂದಿಗೂ ‘ತಾತಾ ವಾಸ್ಕೊ’ ಎಂದೇ ಕರೆಯುತ್ತಾರೆ. ನಮ್ಮ ಕಿವಿಗೆ ‘ತಾತ’ನೆಂದು ಕೇಳಿಸುವ ಆ ಪದಕ್ಕೆ ಅವರ ನುಡಿಯಲ್ಲಿ ತಂದೆಯೆಂದು ಅರ್ಥ. 2020ರ ಡಿಸೆಂಬರ್‌ನಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಇವರ ಸದ್ಗುಣಗಳನ್ನು ಅಧಿಕೃತವಾಗಿ ಅಂಗೀಕರಿಸಿ ಪೂಜ್ಯರೆಂದು ಸಾರಿದರು. ಸಂತ ಪದವಿಯ ಹಾದಿಯಲ್ಲಿ ಇದೊಂದು ಮೆಟ್ಟಿಲು.

ತಾತಾ ವಾಸ್ಕೊ ಮಾಡಿದ ಒಂದು ಕಾರ್ಯ ನಮ್ಮನ್ನು ಬಹುವಾಗಿ ಸೆಳೆಯುತ್ತದೆ. ಪುರೆಪೆಚಾ ಶಿಲ್ಪಿಗಳು ತಮ್ಮ ಹಳೆಯ ದೇವತೆಗಳ ಮೂರ್ತಿಗಳನ್ನು ಜೋಳದ ದಂಟಿನ ತಿರುಳನ್ನು ಅರೆದು, ಸೀತಾಳೆ ಗೆಡ್ಡೆಯ ಅಂಟಿನೊಡನೆ ಕಲಸಿ ಮಾಡುತ್ತಿದ್ದರಂತೆ. ಆ ಜೋಳ ನಮ್ಮ ಮುಸುಕಿನ ಜೋಳವೇ. ಧರ್ಮಾಧ್ಯಕ್ಷರು ಆ ವಿದ್ಯೆಯನ್ನು ತುಳಿದುಹಾಕಲಿಲ್ಲ. 1540ರ ಸುಮಾರಿಗೆ ಅದೇ ತಿರುಳಿನಿಂದ ಮಾತೆ ಮರಿಯಮ್ಮನವರ ಪ್ರತಿಮೆಯನ್ನು ಮಾಡಿಸಿ, ಪಾಟ್ಸ್‌ಕ್ವಾರೊದ ಆಸ್ಪತ್ರೆಯಲ್ಲಿ ರೋಗಿಗಳ ಕಣ್ಣೆದುರು ಪ್ರತಿಷ್ಠಾಪಿಸಿದರು. ಆ ತಾಯಿಗೆ ಆರೋಗ್ಯ ಮಾತೆಯೆಂದೇ ಹೆಸರು. ವೇಳಾಂಗಣಿಗೆ ಹರಕೆ ಹೊತ್ತು ಹೋಗುವ ನಮ್ಮ ಕುಟುಂಬಗಳಿಗೆ ಈ ಹೆಸರು ಹೊಸದಲ್ಲ. ಇಂದು ಆ ಪ್ರತಿಮೆ ಪಾಟ್ಸ್‌ಕ್ವಾರೊದ ಬಸಿಲಿಕದಲ್ಲಿದೆ. ಹೊಲದ ಜೋಳ ಮಾತೆಯ ಮುಖವಾಯಿತು. ಜನರು ಬೆಟ್ಟದಿಂದಿಳಿದು ತಮ್ಮ ತಾಯಿಯನ್ನು ಗುರುತಿಸಿದರು.

ಅಲ್ಲಿನ ಇತರ ಹಬ್ಬಗಳಲ್ಲಿಯೂ ಇದೇ ಜಾಡನ್ನು ಕಾಣಬಹುದು. ಪರಮ ಪ್ರಸಾದದ ಮಹೋತ್ಸವದಂದು ಪುರೆಪೆಚಾ ಊರುಗಳಲ್ಲಿ ರೈತರು, ಕುಶಲಕರ್ಮಿಗಳು, ಕಾಡಿನಿಂದ ಜೇನು ತರುವವರು, ಹೀಗೆ ಒಂದೊಂದು ಕಸುಬಿನವರೂ ತಮ್ಮ ದುಡಿಮೆಯ ಫಲವನ್ನು ಮೆರವಣಿಗೆಯಲ್ಲಿ ತಂದು ನೆರೆದ ಜನರತ್ತ ತೂರಿ ಹಂಚುತ್ತಾರೆ. ರೊಟ್ಟಿಯಾಗಿ ತನ್ನನ್ನೇ ಹಂಚಿಕೊಂಡ ಪ್ರಭುವಿನ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕಂಡಿಲ್ಲ.

1943ರ ಫೆಬ್ರವರಿ 20ರಂದು ಅಲ್ಲಿಯ ಜೋಳದ ಹೊಲವೊಂದು ಬಾಯ್ದೆರೆದು ಪರಿಕುಟಿನ್ ಜ್ವಾಲಾಮುಖಿ ಹುಟ್ಟಿತು. ಸಾನ್ ಹುವಾನ್ ಎಂಬ ಊರನ್ನು ಲಾವಾರಸ ನುಂಗಿತು. ದೇವಾಲಯದ ಗೋಪುರ ಕರಿಬಂಡೆಗಳ ನಡುವೆ ಇಂದಿಗೂ ತಲೆಯೆತ್ತಿ ನಿಂತಿದೆ. 1944ರಲ್ಲಿ ಜನರು ಊರು ತೊರೆಯುವಾಗ ತಮ್ಮ ಅದ್ಭುತಗಳ ಪ್ರಭುವಿನ ಶಿಲುಬೆಯನ್ನು ಹೊತ್ತು ಮೆರವಣಿಗೆಯಲ್ಲಿ ನಡೆದರು. ಹೊಸ ನೆಲದಲ್ಲಿ ಹೊಸ ಊರನ್ನೂ ದೇವಾಲಯವನ್ನೂ ಕಟ್ಟಿದರು. ಅಲ್ಲಿಗೆ ಬರುವ ಯಾತ್ರಿಕರು ಆ ಪ್ರಭುವಿನ ಮುಂದೆ ಕುಣಿಯುತ್ತ ಸಾಗುವುದು ಇಂದಿಗೂ ರೂಢಿ. ಮಂಜೂಷದ ಮುಂದೆ ಅರಸ ದಾವೀದನು ಕುಣಿದುದನ್ನು ಓದಿದವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಹಾಗಾದರೆ ಎಲ್ಲ ಪದ್ಧತಿಗಳೂ ಒಳ್ಳೆಯವೇ? ಹಾಗೆನ್ನಲಾಗದು. ಸಂತ ಆಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ತಾಯಿ ಮೋನಿಕಾರ ಪ್ರಸಂಗವೊಂದನ್ನು ನಿರೂಪಿಸಿದ್ದಾರೆ. ಆಫ್ರಿಕಾದ ರೂಢಿಯಂತೆ ಆಕೆ ಮಿಲಾನಿನಲ್ಲಿಯೂ ಸಂತರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳ ಬುಟ್ಟಿ ಹೊತ್ತು ಹೋದರು. ಬಾಗಿಲು ಕಾಯುವವನು ತಡೆದನು. ಕೆಲವರು ಅದನ್ನೇ ನೆಪಮಾಡಿಕೊಂಡು ಕುಡಿಯುತ್ತಿದ್ದುದರಿಂದಲೂ, ಅದು ಅನ್ಯರ ಪಿತೃಪೂಜೆಯನ್ನು ಹೋಲುತ್ತಿದ್ದುದರಿಂದಲೂ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಅದನ್ನು ನಿಷೇಧಿಸಿದ್ದರು. ಮೋನಿಕಾ ವಿಧೇಯರಾದರು. ಅಂದಿನಿಂದ ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಹೃದಯವನ್ನು ಸಮಾಧಿಗೆ ಒಯ್ದರು. ಕೈಲಾದುದನ್ನು ಬಡವರಿಗೆ ಕೊಟ್ಟರು. 387ರಲ್ಲಿ ಮರಣಶಯ್ಯೆಯಲ್ಲಿ ಮಕ್ಕಳನ್ನು ಅವರು ಬೇಡಿದ್ದು ಒಂದನ್ನೇ: ದೇಹವನ್ನು ಎಲ್ಲಿಯಾದರೂ ಹೂಳಿ, ಪ್ರಭುವಿನ ಬಲಿಪೀಠದ ಬಳಿ ತಮ್ಮನ್ನು ನೆನೆಯಬೇಕು ಎಂದು.

ಅಂಬ್ರೋಸರು ತಡೆದರು, ತಾತಾ ವಾಸ್ಕೊರ ನಾಡಿನಲ್ಲಿ ಬುಟ್ಟಿ ಉಳಿಯಿತು. ಇಬ್ಬರಲ್ಲಿ ವಿರೋಧವಿಲ್ಲವೆಂದೇ ನಮ್ಮ ಅಭಿಪ್ರಾಯ. ಮೂಢನಂಬಿಕೆಗೆ ಬಿಡಿಸಲಾಗದಂತೆ ಅಂಟಿಕೊಂಡಿರದ ಜನಪದ್ಧತಿಗಳನ್ನು ಧರ್ಮಸಭೆ ಸಹಾನುಭೂತಿಯಿಂದ ಕಾಣುತ್ತದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ತಿಳಿಸಿತು. ಆಚರಣೆ ಬಲಿಪೀಠದ ಕಡೆಗೂ ಹಸಿದವನ ಕಡೆಗೂ ನಮ್ಮನ್ನು ನಡೆಸುತ್ತದೆಯೇ ಎಂಬುದೇ ಒರೆಗಲ್ಲು. ಆತ್ಮವು ದೇಹಕ್ಕೆ ರೂಪ ಕೊಡುವ ತತ್ತ್ವವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ವಿಶ್ವಾಸಕ್ಕೂ ಆಚರಣೆಗೂ ಇರುವ ನಂಟು ಅಂಥದೇ. ವಿಶ್ವಾಸವಿಲ್ಲದ ಆಚರಣೆ ಹೆಣ. ಆಚರಣೆಯಿಲ್ಲದ ವಿಶ್ವಾಸ ಮನೆಯಲ್ಲಿ ನೆಲೆ ನಿಲ್ಲದ ಗಾಳಿ.

ಈ ಎಚ್ಚರ ಮಿಚೊವಾಕಾನಿಗೂ ಬೇಕಾಗಿದೆ. ಮೆಕ್ಸಿಕೋದ ಈ ಮೃತರ ಹಬ್ಬವನ್ನು 2008ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ‘ಕೋಕೊ’ ಚಲನಚಿತ್ರ ಅದನ್ನು ಜಗತ್ತಿಗೆಲ್ಲ ತೋರಿಸಿತು. ಕೀರ್ತಿಯೊಡನೆ ಜನಜಂಗುಳಿಯೂ ಬಂದಿದೆ. ಆ ರಾತ್ರಿ ಪ್ರವಾಸಿಗರು ಕ್ಯಾಮೆರಾಗಳೊಡನೆ ಸಮಾಧಿಗಳ ನಡುವೆ ನುಸುಳುತ್ತಾರೆ. ಅಳುವ ತಾಯಿಯ ಮುಖವೂ ನೋಟವಾಗಿಬಿಡುತ್ತದೆ. ಆದರೂ ಹೆಂಗಸರು ತಮ್ಮ ಮೇಣದಬತ್ತಿಯ ಮುಂದೆ ಕುಳಿತೇ ಇರುತ್ತಾರೆ, ಬಂದದ್ದು ನೋಡುವವರಿಗಾಗಿ ಅಲ್ಲವೆಂಬಂತೆ.

ನಮ್ಮಲ್ಲಿಯ ಸಂಕಟ ಬೇರೆ. ಸಮಾಧಿಯಲ್ಲಿ ವರ್ಷವಿಡೀ ಬೆಳೆದ ಕಳೆಯನ್ನು ಕೂಲಿಯವರಿಂದ ಕೀಳಿಸಿ, ಹೂ ಎಸೆದು, ಬತ್ತಿ ಹಚ್ಚಿ, ಕಾಲುಗಂಟೆಯಲ್ಲಿ ಮರಳುವುದು ಅಭ್ಯಾಸವಾಗಿದೆ. ಮೃತರನ್ನು ನೆನೆದು ಬಡವರಿಗೆ ಉಣಬಡಿಸುವ ಹಿರಿಯರ ಪದ್ಧತಿ ಎಷ್ಟು ಮನೆಗಳಲ್ಲಿ ಉಳಿದಿದೆ? ಸಂತರ ಅನ್ಯೋನ್ಯತೆಯನ್ನು ವಿಶ್ವಾಸಿಸುತ್ತೇವೆಂದು ಪ್ರತಿ ಭಾನುವಾರ ನುಡಿಯುವ ನಾವು, ಅಗಲಿದವರ ಹೆಸರನ್ನು ಮಕ್ಕಳೆದುರು ಎತ್ತುವುದೂ ಅಪರೂಪ.

ಆತ್ಮಕ್ಕೆ ಹಸಿವಿಲ್ಲ, ನಿಜ. ಆದರೆ ಪ್ರೀತಿಗೆ ಹಸಿವುಂಟು. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು, ರೊಟ್ಟಿ ಸಿದ್ಧಪಡಿಸಿ, ರಾತ್ರಿಯಿಡೀ ದಣಿದ ಶಿಷ್ಯರನ್ನು ಊಟಕ್ಕೆ ಕರೆದರು. ಸಾವನ್ನು ಗೆದ್ದವರೇ ಎಡೆ ಬಡಿಸಿದ ಮೇಲೆ, ಆ ತಾಯಿಯ ನಾಲ್ಕು ಕಜ್ಜಾಯಗಳನ್ನು ಹಳಿಯಲು ನಾವಾರು?

ಈ ನವೆಂಬರಿನಲ್ಲಿ ಆಕೆ ಮತ್ತೆ ಬಂದರೆ ನಾವು ಹೇಳುವ ಮಾತು ಬೇರೆ. “ಸೆರಗು ತೆಗೆಯಿರಮ್ಮ. ಮೊದಲು ಬಲಿಪೂಜೆಯಲ್ಲಿ ನಿಮ್ಮ ಮಗನ ಹೆಸರನ್ನು ಪ್ರಭುವಿನ ಮುಂದಿಡೋಣ. ಆಮೇಲೆ ಈ ಕಜ್ಜಾಯವನ್ನು ಗೇಟಿನ ಬಳಿ ಕೈಯೊಡ್ಡಿ ಕುಳಿತವರಿಗೆ ನಿಮ್ಮ ಕೈಯಾರೆ ಕೊಡಿ. ಅವನಿಗೆ ಮುಟ್ಟುತ್ತದೆ.” ಅಷ್ಟು ಹೇಳಿ, ಅವರು ಒಪ್ಪಿದರೆ, ಒಂದನ್ನು ನಾವೂ ಕೇಳಿ ತಿನ್ನುತ್ತೇವೆ.