ಕಾಲೇಜ್ ಫುಟ್‌ಬಾಲ್‌ನಿಂದ ಎನ್‌ಎಫ್‌ಎಲ್‌ಗೆ: ನೂರರಲ್ಲಿ ಇಬ್ಬರಿಗೂ ಸಿಗದ ಸೀಟು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ಫೋನ್ ಕಾಲ್‌ನಿಂದ.

ನನ್ನ ಅಕ್ಕ ಅಮೆರಿಕದ ಒಹಾಯೊದಲ್ಲಿದ್ದಾಳೆ. ಅವಳ ಮಗ ಹೈಸ್ಕೂಲ್‌ನ ಕೊನೇ ವರ್ಷದಲ್ಲಿದ್ದಾನೆ, ಶಾಲೆಯ ಫುಟ್‌ಬಾಲ್ ಟೀಮ್‌ನಲ್ಲಿ ಆಡ್ತಾನೆ. ಹೋದ ತಿಂಗಳು ಅಕ್ಕ ಫೋನ್ ಮಾಡಿ, "ಇವನು ಎನ್‌ಎಫ್‌ಎಲ್‌ಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ ಕಣೋ. ನಾವು ಹೇಳಿದ್ರೆ ಕೇಳಲ್ಲ. ನೀನೇ ಏನಾದ್ರೂ ಹೇಳು" ಅಂದ್ಲು.

ಹುಡುಗನ ಮುಂದೆ ಎರಡು ದಾರಿ ಇತ್ತು. ಒಂದು, ದೊಡ್ಡ ಯೂನಿವರ್ಸಿಟಿ. ಅಲ್ಲಿ ಸ್ಕಾಲರ್‌ಶಿಪ್ ಇಲ್ಲದೇ ಟ್ರಯಲ್ಸ್ ಕೊಟ್ಟು ಟೀಮ್ ಸೇರಬೇಕು, ಮೈದಾನಕ್ಕೆ ಇಳಿಸ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಇನ್ನೊಂದು, ಮನೆ ಹತ್ತಿರದ ಸಣ್ಣ ಕಾಲೇಜು. ಎಂಜಿನಿಯರಿಂಗ್ ಚೆನ್ನಾಗಿದೆ, ಆಡೋದಕ್ಕೂ ಕರೀತಿದ್ದಾರೆ. ಆದ್ರೆ ಅಂಥ ಕಾಲೇಜುಗಳಿಂದ ಎನ್‌ಎಫ್‌ಎಲ್ ಮುಟ್ಟೋರು ತೀರಾ ಅಪರೂಪ.

ಅವನಿಗೆ ಏನು ಹೇಳೋದು ಅಂತ ಓದ್ತಾ ಹೋದೆ. ಓದಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ಬಿಡೋಣ. ಇದು ಮೆಸ್ಸಿ, ರೊನಾಲ್ಡೊ ಆಡೋ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಬ್ಬರ ಮೇಲೊಬ್ಬರು ಬೀಳೋ ಅಮೆರಿಕನ್ ಫುಟ್‌ಬಾಲ್. ಇದರ ಅತಿ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಒಟ್ಟು 32 ಟೀಮ್. ನಮ್ಮ ಕ್ರಿಕೆಟ್‌ನಲ್ಲಿ ರಣಜಿ, ಕ್ಲಬ್, ಅಕಾಡೆಮಿ ಅಂತ ಹಲವು ಮೆಟ್ಟಿಲು ಇವೆ. ಅಲ್ಲಿ ಹೆಚ್ಚುಕಮ್ಮಿ ಒಂದೇ ಮೆಟ್ಟಿಲು, ಅದು ಕಾಲೇಜು. ಹೈಸ್ಕೂಲ್ ಮುಗಿದು ಕನಿಷ್ಠ 3 ವರ್ಷ ಆಗೋವರೆಗೂ ಎನ್‌ಎಫ್‌ಎಲ್ ಯಾರನ್ನೂ ತಗೊಳ್ಳಲ್ಲ.

ಆಮೇಲೆ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತೆ. ಇದು ಐಪಿಎಲ್ ಹರಾಜಿನ ಥರ ಅಲ್ಲ, ಯಾರೂ ಬಿಡ್ ಮಾಡಲ್ಲ. ಟೀಮ್‌ಗಳು ಸರದಿ ಪ್ರಕಾರ ಒಬ್ಬೊಬ್ಬರನ್ನ ಆರಿಸ್ಕೊಳ್ತವೆ. ಹಿಂದಿನ ವರ್ಷ ಕೊನೇ ಸ್ಥಾನದಲ್ಲಿದ್ದ ಟೀಮ್‌ಗೆ ಸಾಮಾನ್ಯವಾಗಿ ಮೊದಲ ಅವಕಾಶ. 7 ಸುತ್ತು ನಡೆಯುತ್ತೆ. ಯಾವ ಊರಿಗೆ ಹೋಗ್ತೀನಿ, ಯಾವ ಕೋಚ್ ಸಿಗ್ತಾರೆ, ಇದ್ಯಾವುದೂ ಹುಡುಗನ ಕೈಯಲ್ಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡೋರು ಸುಮಾರು 10 ಲಕ್ಷ. ಕಾಲೇಜು ಕ್ರೀಡೆಗಳನ್ನ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ. ಅದರ ಟೀಮ್‌ಗಳಲ್ಲಿ ಆಡೋರು 70 ಸಾವಿರಕ್ಕೂ ಹೆಚ್ಚು. ಅವರಲ್ಲಿ ಒಂದು ವರ್ಷಕ್ಕೆ ಡ್ರಾಫ್ಟ್‌ಗೆ ಅರ್ಹರಾಗೋರು ಸುಮಾರು 16 ಸಾವಿರ. ಡ್ರಾಫ್ಟ್‌ನಲ್ಲಿ ಹೆಸರು ಕರೆಯೋದು ಎಷ್ಟು ಜನರದ್ದು? 260ರ ಆಸುಪಾಸು. ಅಂದ್ರೆ ಶೇ 1.6. ಕಾಲೇಜು ಟೀಮ್‌ನ ನೂರು ಹುಡುಗರನ್ನ ಸಾಲಾಗಿ ನಿಲ್ಲಿಸಿದ್ರೆ ಇಬ್ಬರೂ ಪೂರ್ತಿ ಬರಲ್ಲ.

ಕಥೆ ಅಲ್ಲಿಗೂ ಮುಗಿಯಲ್ಲ. ಆಯ್ಕೆಯಾದೋರು, ಡ್ರಾಫ್ಟ್‌ನಲ್ಲಿ ಹೆಸರು ಬರದೇ ನೇರವಾಗಿ ಸಹಿ ಮಾಡಿದೋರು, ಹಳಬರು ಎಲ್ಲ ಸೇರಿ ಒಂದು ಕ್ಯಾಂಪ್‌ನಲ್ಲಿ ಸುಮಾರು 90 ಜನ. ಸೀಸನ್ ಶುರುವಾಗೋ ಹೊತ್ತಿಗೆ ಪಟ್ಟಿ 53ಕ್ಕೆ ಇಳೀಬೇಕು. ಇನ್ನೂ ಹದಿನೈದಿಪ್ಪತ್ತು ಜನ ಅಭ್ಯಾಸದ ತಂಡದಲ್ಲಿ ಉಳೀತಾರೆ, ಉಳಿದವರು ಬ್ಯಾಗ್ ಕಟ್ಕೊಂಡು ಮನೆಗೆ. 32 ಟೀಮ್‌ಗೆ 53ರಂತೆ ಗುಣಿಸಿದ್ರೆ ಇಡೀ ಲೀಗ್‌ನ ಸೀಟು 1,696. ಹೊಸಬ ಒಳಗೆ ಬರಬೇಕು ಅಂದ್ರೆ ಹಳಬ ಒಬ್ಬ ಹೊರಗೆ ಹೋಗ್ಬೇಕು. ಆಟಗಾರರ ಸಂಘ ಹೇಳೋ ಪ್ರಕಾರ ಒಬ್ಬ ಆಟಗಾರನ ವೃತ್ತಿಜೀವನ ಸರಾಸರಿ 3.3 ವರ್ಷ. ಒಂದು ಬಿ.ಇ. ಮುಗಿಸೋಕೆ ಅದಕ್ಕಿಂತ ಜಾಸ್ತಿ ಸಮಯ ಬೇಕು.

ಸರಿ, ಸೀಟು ಕಮ್ಮಿ. ಆದ್ರೆ ಕಾಲೇಜಿನಲ್ಲಿ ಚಿಂದಿ ಆಡಿದೋನು ಅಲ್ಲೂ ಆಡ್ತಾನೆ ತಾನೇ? ನಾನೂ ಹಾಗೇ ಅಂದ್ಕೊಂಡಿದ್ದೆ.

ಟಿಮ್ ಟಿಬೊ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್. ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಕೈಗೆ ತಗೊಂಡು, ಯಾರಿಗೆ ಎಸೀಬೇಕು ಅಂತ ಕ್ಷಣದಲ್ಲಿ ತೀರ್ಮಾನ ಮಾಡೋನು. ಟಿಬೊ 2007ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್ಮನ್ ಗೆದ್ದ. ಫ್ಲೋರಿಡಾ ಯೂನಿವರ್ಸಿಟಿ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆದಾಗ ಟೀಮ್‌ನಲ್ಲಿದ್ದ. 2010ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನಲ್ಲೇ ಡೆನ್ವರ್ ಅವನನ್ನ ತಗೊಂಡ್ತು. 2011ರ ಸೀಸನ್‌ನಲ್ಲಿ ಪ್ಲೇಆಫ್ ಪಂದ್ಯವನ್ನೂ ಗೆಲ್ಲಿಸಿಕೊಟ್ಟ. ಆದ್ರೆ ಆ ಸೀಸನ್‌ನಲ್ಲಿ ಅವನು ಎಸೆದ ಪಾಸ್‌ಗಳಲ್ಲಿ ಸಹ ಆಟಗಾರನ ಕೈ ಸೇರಿದ್ದು ಅರ್ಧಕ್ಕಿಂತ ಕಮ್ಮಿ. 2012ರ ನಂತರ ಎನ್‌ಎಫ್‌ಎಲ್‌ನ ಒಂದು ಲೀಗ್ ಪಂದ್ಯವನ್ನೂ ಅವನು ಆಡಲಿಲ್ಲ.

ಯಾಕೆ ಹೀಗೆ? ಕಾಲೇಜಿನಲ್ಲಿ ಎದುರಾಳಿಗಳು ಒಂದೇ ಮಟ್ಟದೋರಲ್ಲ. ಈ ವಾರ ಬಲಿಷ್ಠ ಟೀಮ್, ಮುಂದಿನ ವಾರ ಸಾಧಾರಣ ಟೀಮ್. ದೊಡ್ಡ ಯೂನಿವರ್ಸಿಟಿಯ ಹುಡುಗ ತನಗಿಂತ ನಿಧಾನ ಓಡೋರ ಎದುರು ಎಷ್ಟೋ ಅಂಕ ಗಳಿಸಿರ್ತಾನೆ. ಎನ್‌ಎಫ್‌ಎಲ್‌ನಲ್ಲಿ ಎದುರಿಗೆ ನಿಂತಿರೋ 11 ಜನರೂ ತಮ್ಮ ತಮ್ಮ ಕಾಲೇಜಿನ ಸ್ಟಾರ್‌ಗಳೇ. ಕಾಲೇಜಿನಲ್ಲಿ ಸಹ ಆಟಗಾರ ಆರಾಮಾಗಿ ಖಾಲಿ ನಿಂತಿರ್ತಾನೆ. ಇಲ್ಲಿ ಅವನು ಖಾಲಿ ಆಗೋ ಮುಂಚೆನೇ, ಅವನು ತಲುಪಬೇಕಾದ ಜಾಗಕ್ಕೆ ಚೆಂಡು ಎಸೀಬೇಕು. ಅರ್ಧ ಸೆಕೆಂಡ್ ತಡ ಆದ್ರೆ ಚೆಂಡು ಎದುರಾಳಿ ಕೈಯಲ್ಲಿ.

ಹಾಗಾದ್ರೆ ಇದನ್ನೆಲ್ಲ ಅಳೆಯೋಕೆ ಅಂತಾನೇ ಸಂಬಳ ತಗೊಳ್ಳೋ ತಜ್ಞರಿಗೆ ಗೊತ್ತಾಗಲ್ವಾ? ಅವರು ವರ್ಷಗಟ್ಟಲೆ ವಿಡಿಯೊ ನೋಡ್ತಾರೆ. ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನ ಸೇರಿಸಿ 40 ಗಜ ಓಡಿಸ್ತಾರೆ, ಜಿಗಿಸ್ತಾರೆ, ಅಂಗೈ ಅಗಲ ಕೂಡ ಅಳೀತಾರೆ. ಆದ್ರೂ ಎಡವುತ್ತಾರೆ.

1998ರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಭಾರಿ ಚರ್ಚೆ ನಡೀತು. ಪೇಟನ್ ಮ್ಯಾನಿಂಗ್ ಮೊದಲ ಆಯ್ಕೆ, ರಯಾನ್ ಲೀಫ್ ಎರಡನೇ ಆಯ್ಕೆ. ಮ್ಯಾನಿಂಗ್ 5 ಸಲ ಲೀಗ್‌ನ ಅತ್ಯುತ್ತಮ ಆಟಗಾರ ಆದ, ಎರಡು ಸೂಪರ್ ಬೌಲ್ ಗೆದ್ದ. ಲೀಫ್ ಶುರುವಿನಿಂದ ಆಡಿದ 21 ಪಂದ್ಯಗಳಲ್ಲಿ ಟೀಮ್ ಗೆದ್ದಿದ್ದು 4. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಸಂಶೋಧಕ ಕೇಡ್ ಮ್ಯಾಸಿ ವರ್ಷಾನುಗಟ್ಟಲೆ ಡ್ರಾಫ್ಟ್‌ಗಳ ಲೆಕ್ಕ ತೆಗೆದ್ರು. ಒಂದೇ ಜಾಗದಲ್ಲಿ ಆಡೋ ಇಬ್ಬರಲ್ಲಿ ಮೊದಲು ಆಯ್ಕೆಯಾದೋನು ನಂತರದೋನಿಗಿಂತ ಚೆನ್ನಾಗಿ ಆಡೋ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಅಂತ ಗೊತ್ತಾಯ್ತು. ನಾಣ್ಯ ಚಿಮ್ಮಿದ ಹಾಗೆ, ಅಲ್ವಾ?

ಇನ್ನು ಉಲ್ಟಾ ಕಥೆಗಳು. ಅಕ್ಕನ ಮಗನ ರೂಮಿನ ಗೋಡೆ ಮೇಲಿರೋದು ಇವರೇ. ಟಾಮ್ ಬ್ರೇಡಿ 2000ನೇ ಇಸವಿಯ ಡ್ರಾಫ್ಟ್‌ನಲ್ಲಿ 199ನೆಯವನು, ಗೆದ್ದಿದ್ದು 7 ಸೂಪರ್ ಬೌಲ್. ಕರ್ಟ್ ವಾರ್ನರ್‌ನನ್ನ ಯಾರೂ ಆರಿಸಲೇ ಇಲ್ಲ. ಅಯೋವಾದ ಸೂಪರ್‌ಮಾರ್ಕೆಟ್ ಒಂದರಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸ್ತಿದ್ದೋನು 2000ದ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದ. ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕೊನೇ ಹೆಸರು, 262ನೆಯದು. 2024ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಆಡಿದ. 2025ರಲ್ಲಿ 5 ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ.

ಕೇಳೋಕೆ ರೋಮಾಂಚನ ಆಗುತ್ತೆ. ಆದ್ರೆ ಮೂವರ ಕಥೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನಾನು ಒಂದು ಕಡೆ ನಿಂತುಬಿಟ್ಟೆ. ವಾರ್ನರ್‌ಗೆ ಜಾಗ ಸಿಕ್ಕಿದ್ದು 1999ರಲ್ಲಿ ಟ್ರೆಂಟ್ ಗ್ರೀನ್ ಮೊಣಕಾಲು ಗಾಯದಿಂದ ಹೊರಗೆ ಹೋದಾಗ. ಬ್ರೇಡಿಗೆ ಸಿಕ್ಕಿದ್ದು 2001ರಲ್ಲಿ ಡ್ರೂ ಬ್ಲೆಡ್ಸೋ ಗಾಯಗೊಂಡಾಗ. ಪರ್ಡಿ ವಿಷಯದಲ್ಲಂತೂ 2022ರಲ್ಲಿ ಮೊದಲನೇ ಕ್ವಾರ್ಟರ್‌ಬ್ಯಾಕ್ ಗಾಯಗೊಂಡ, ಬದಲಿಗೆ ಬಂದೋನೂ ಗಾಯಗೊಂಡ, ಆಮೇಲೆ ಇವನ ಸರದಿ. ಮೂವರಿಗೂ ಬಾಗಿಲು ತೆರೆದದ್ದು ಇನ್ನೊಬ್ಬನ ನೋವು. ಬಾಗಿಲು ತೆರೆದಾಗ ಅವರು ತಯಾರಾಗಿದ್ರು, ಅದು ಅವರ ಶ್ರಮ. ಆದ್ರೆ ಅಷ್ಟೇ ತಯಾರಾಗಿದ್ದು, ಬಾಗಿಲು ತೆರೆಯದೇ ವಾಪಸ್ ಹೋದ ಹುಡುಗರು ಎಷ್ಟು ಜನ? ಅವರ ಪೋಸ್ಟರ್ ಯಾರ ಗೋಡೆ ಮೇಲೂ ಇಲ್ಲ.

ಒಂದು ವಿಷಯ ಮಾತ್ರ ಈಚೆಗೆ ಬದಲಾಗಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೊ ಬಳಸೋ ಜಾಹೀರಾತಿಗೆ ದುಡ್ಡು ತಗೋಬಹುದು. 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಹಾಗಾಗಿ ಕೆಲವರಿಗೆ ಅವಸರದಲ್ಲಿ ಡ್ರಾಫ್ಟ್‌ಗೆ ಹೋಗೋದಕ್ಕಿಂತ ಕಾಲೇಜಿನಲ್ಲೇ ಇನ್ನೊಂದು ವರ್ಷ ಇರೋದು ಲಾಭ. ಆದ್ರೆ ದೊಡ್ಡ ಮೊತ್ತ ಹೋಗೋದು ಸ್ಟಾರ್‌ಗಳಿಗೆ, ಟ್ರಯಲ್ಸ್ ಕೊಟ್ಟು ಬೆಂಚ್ ಮೇಲೆ ಕೂರೋನಿಗಲ್ಲ.

ಇಷ್ಟೆಲ್ಲ ಓದಿಕೊಂಡು ಅಕ್ಕನ ಮಗನಿಗೆ ವಿಡಿಯೊ ಕಾಲ್ ಮಾಡ್ದೆ. "ಆಡ್ಬೇಡ ಅಂತ ನಾನು ಹೇಳಲ್ಲ. ಮೊದಲನೇ ವಾರವೇ ಮೊಣಕಾಲು ಹೋಯ್ತು ಅಂದ್ಕೋ. ಆಗಲೂ ನಾಲ್ಕು ವರ್ಷ ಖುಷಿಯಾಗಿ ಓದ್ತೀಯ ಅನ್ನಿಸೋ ಕಾಲೇಜು ಯಾವುದು? ಅದಕ್ಕೆ ಸೇರ್ಕೋ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನದೇ ಅರೆಬರೆ ಕನ್ನಡದಲ್ಲಿ, "ಮಾಮಾ, ಟಾಮ್ ಬ್ರೇಡಿಗೂ ನೀನು ಇದೇ ಹೇಳ್ತಿದ್ಯಾ?" ಅಂದ.

ನಿಜ ಹೇಳ್ತೀನಿ, ಆ ಕ್ಷಣಕ್ಕೆ ಉತ್ತರ ಹೊಳೀಲಿಲ್ಲ. ರಾತ್ರಿ ಮತ್ತೆ ಕೂತು ಹುಡುಕಿದೆ. ಬ್ರೇಡಿ ಮಿಶಿಗನ್‌ನಲ್ಲಿ ಡಿಗ್ರಿ ಮುಗಿಸಿಯೇ ಡ್ರಾಫ್ಟ್‌ಗೆ ಹೋಗಿದ್ದ. ಅಷ್ಟೇ ಅಲ್ಲ, ಕೆಲಸ ಹುಡುಕೋಕೆ ರೆಸ್ಯೂಮೆ ಕೂಡ ಬರೆದಿಟ್ಟಿದ್ದ! ವರ್ಷಗಳಾದ ಮೇಲೆ ಅದನ್ನ ಫೇಸ್‌ಬುಕ್‌ನಲ್ಲಿ ತಾನೇ ಹಾಕಿದ. ಐದನೇ ಸುತ್ತು ಮುಗಿದರೂ ಹೆಸರು ಬರದಿದ್ದಾಗ ಇದು ಬೇಕಾಗುತ್ತೆ ಅಂದ್ಕೊಂಡಿದ್ದನಂತೆ. ಆ ಫೋಟೊವನ್ನ ಹುಡುಗನಿಗೆ ವಾಟ್ಸ್ಆ್ಯಪ್ ಮಾಡ್ದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಮೂರು ದಿನ ಬಿಟ್ಟು ಅಕ್ಕನ ಮೆಸೇಜ್: "ಸಣ್ಣ ಕಾಲೇಜಿಗೇ ಹೋಗ್ತಾನಂತೆ. ಎನ್‌ಎಫ್‌ಎಲ್ ಆಸೆ ಬಿಟ್ಟಿಲ್ಲ, ದಿನಾ ಬೆಳಗ್ಗೆ ಐದಕ್ಕೇ ಎದ್ದು ಓಡ್ತಿದ್ದಾನೆ."

ಓಡಲಿ ಬಿಡಿ.