ಸಿಡಿದ ಹನಿಯ ಲೆಕ್ಕ

1967ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಹಾರ್ಲೋ ಮತ್ತು ಶಾನನ್ ಕಂಪ್ಯೂಟರಿನೊಳಗೇ ಒಂದು ಹನಿ ಬೀಳಿಸಿದರು. ಸ್ನಿಗ್ಧತೆ, ಮೇಲ್ಮೈ ಸೆಳೆತ ಎರಡನ್ನೂ ಲೆಕ್ಕದಿಂದ ಕೈಬಿಟ್ಟಿದ್ದರಿಂದ ಆ ಹನಿಯನ್ನು ತಡೆಯುವವರೇ ಇರಲಿಲ್ಲ, ಹರಡುತ್ತಲೇ ಹೋಯಿತು.

ಕರಗಿದ ಲೋಹದ ಹನಿಗೆ ಇನ್ನೊಂದು ತಾಪತ್ರಯವುಂಟು. ತಣ್ಣನೆಯ ತಟ್ಟೆಗೆ ಬಡಿದು ಹರಡುವಾಗಲೇ ಅದು ಅಡಿಯಿಂದ ಗಟ್ಟಿಯಾಗುತ್ತ ಬರುತ್ತದೆ. ಟರ್ಬೈನ್ ಅಲಗುಗಳಿಗೆ ಲೇಪನ ಸಿಂಪಡಿಸುವವರಿಗೆ ಬೇಕಿದ್ದದ್ದು ಈ ಎರಡೂ ಸೇರಿದ ಲೆಕ್ಕ. ಪೋಲೆಂಡಿನ ಯಾನ್ ಮಡೆಯ್‌ಸ್ಕಿ 1976ರಲ್ಲಿ ಹನಿಯನ್ನು ತೆಳ್ಳನೆಯ ಬಿಲ್ಲೆಯೆಂದು ಭಾವಿಸಿ, ಅದು ಎಷ್ಟು ಅಗಲವಾದೀತು ಎಂಬುದಕ್ಕೆ ಸೂತ್ರ ಕೊಟ್ಟರು. ಅಚ್ಚುಕಟ್ಟಾದ ಸೂತ್ರ. ಆದರೆ ನಿಜವಾದ ಹನಿಗಳು ಎಷ್ಟೋ ಸಲ ಬಿಲ್ಲೆಯಾಗದೆ ಚೂರುಚೂರಾಗಿ ಸಿಡಿಯುತ್ತವೆ.

ಟೊರಾಂಟೊ ವಿಶ್ವವಿದ್ಯಾಲಯದ ಚಂದ್ರ, ಮೊಸ್ತಗಿಮಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕೆಲಸ ನನಗೆ ಹೆಚ್ಚು ಇಷ್ಟ. 2.1 ಮಿಲಿಮೀಟರ್ ವ್ಯಾಸದ ತವರದ ಹನಿಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಬೀಳಿಸಿ ಫೋಟೊ ತೆಗೆದರು, ಅದೇ ಹನಿಗಳನ್ನು ಕಂಪ್ಯೂಟರಿನಲ್ಲೂ ಲೆಕ್ಕ ಹಾಕಿದರು. ಸ್ಟೀಲಿನ ಉಷ್ಣತೆಯನ್ನು 25ರಿಂದ 240 ಡಿಗ್ರಿವರೆಗೆ ಬದಲಿಸಿದರು. ತವರ ಕರಗುವುದು 232 ಡಿಗ್ರಿಗೆ. ಅಂದರೆ 240ರ ತಟ್ಟೆಯ ಮೇಲೆ ಹನಿ ಗಟ್ಟಿಯಾಗುವ ಮಾತೇ ಇಲ್ಲ. ಹರಿವಿನ ಲೆಕ್ಕ ಸರಿಯೋ ತಪ್ಪೋ ಅಲ್ಲೇ ಬೇರೆಯಾಗಿ ಗೊತ್ತಾಗುತ್ತದೆ. ಜಾಣತನ ಅಂದರೆ ಇದು.

ಶಾಖದ ಲೆಕ್ಕಕ್ಕೆ ಬೇಕಾದ ಒಂದು ಸಂಖ್ಯೆ ಕಂಪ್ಯೂಟರಿಗೆ ತಾನಾಗಿ ದಕ್ಕಲಿಲ್ಲ. ಹನಿಯೂ ತಟ್ಟೆಯೂ ಪೂರ್ತಿ ತಾಗುವುದಿಲ್ಲ, ತಟ್ಟೆಯ ಉಬ್ಬುತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ಸಂದಿನಲ್ಲಿ ಶಾಖ ಎಷ್ಟು ವೇಗವಾಗಿ ದಾಟುತ್ತದೆ? ಹನಿಯ ಕೆಳಗೆ ಸ್ಟೀಲು ಬಿಸಿಯಾಗುವುದನ್ನು ಅಳೆದು, ಲೆಕ್ಕ ಅದಕ್ಕೆ ಹೊಂದುವವರೆಗೆ ಸಂಖ್ಯೆಯನ್ನು ತಿದ್ದಿದರು. ಆಮೇಲೆ ಕಂಪ್ಯೂಟರ್ ಬಿಡಿಸಿದ ಹನಿಗಳ ಆಕಾರ ಫೋಟೊಗಳಿಗೆ ತಾಳೆಯಾಯಿತು.

ಅದೇ ತಂಡ 2002ರಲ್ಲಿ ಮೂರು ಆಯಾಮದ ಲೆಕ್ಕವನ್ನು ನಿಕಲ್ ಸಿಂಪರಣೆಗೆ ಹಚ್ಚಿತು. 290 ಡಿಗ್ರಿಯ ಸ್ಟೀಲಿನ ಮೇಲೆ ಹನಿಗಳು ಸಿಡಿದಿದ್ದವು. 400ರಲ್ಲಿ ದುಂಡಗೆ ಕೂತಿದ್ದವು. ಗಟ್ಟಿಯಾದರೆ ಹನಿ ನಿಲ್ಲಬೇಕಲ್ಲ, ಸಿಡಿಯುವುದೇಕೆ? ಲೆಕ್ಕದಲ್ಲಿ ಕಂಡದ್ದು ಇಷ್ಟು: ಹರಡುತ್ತಿರುವ ಹನಿಯ ಅಂಚು ಮೊದಲು ಗಟ್ಟಿಯಾಗಿ ಒಡ್ಡಿನಂತೆ ನಿಲ್ಲುತ್ತದೆ. ಹಿಂದಿನಿಂದ ನುಗ್ಗಿದ ದ್ರವ ಅದಕ್ಕೆ ಎಡವಿ ಮೇಲಕ್ಕೆ ಚಿಮ್ಮಿ ಹರಿದುಹೋಗುತ್ತದೆ. ಅಂಚು ಗಟ್ಟಿಯಾಗುವುದು ತಡವಾದರೆ ಹನಿ ಅಷ್ಟರಲ್ಲಿ ಹರಡಿ ಮುಗಿದಿರುತ್ತದೆ. ಸಿಂಪಡಿಸುವ ಮುನ್ನ ತಟ್ಟೆಯನ್ನು ಕಾಯಿಸಿಕೊಳ್ಳುವ ಕಾರ್ಖಾನೆಯ ರೂಢಿಗೆ ಇದೊಂದು ಕಾರಣ.