ಮೂರು ಪ್ಲೈವುಡ್ ಹಾಳೆ, ಒಂದು ದೋಣಿ

ಚಪ್ಪಟೆ ಪ್ಲೈವುಡ್‌ನಿಂದ ಬಾಗಿದ ಹೊಟ್ಟೆಯ ದೋಣಿ ಹೇಗೆ ಮೂಡುತ್ತದೆ? ಗುಟ್ಟೆಲ್ಲ ಹಲಗೆಯ ಅಂಚಿನಲ್ಲಿದೆ. ಎರಡು ಪಟ್ಟಿಗಳ ಅಂಚನ್ನು ಬೇರೆ ಬೇರೆ ವಕ್ರದಲ್ಲಿ ಕತ್ತರಿಸಿ, ಒಂದಕ್ಕೊಂದು ತಾಗಿಸಿ ಕಟ್ಟಿದರೆ, ಸೇರಲು ಬೇರೆ ದಾರಿಯಿಲ್ಲದೆ ಎರಡೂ ಬಾಗುತ್ತವೆ. ದರ್ಜಿ ಚಪ್ಪಟೆ ಬಟ್ಟೆಯಿಂದ ರವಿಕೆಯ ಉಬ್ಬು ತೆಗೆಯುವುದೂ ಹೀಗೆಯೇ. ಮರವನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸುವ ಕೆಲಸವಿಲ್ಲ, ದೊಡ್ಡ ಅಚ್ಚೂ ಬೇಡ. ಮನೆಯ ಜಗಲಿಯಲ್ಲೋ ಶೆಡ್ಡಿನಲ್ಲೋ ಹದಿನೈದು ಅಡಿ ಜಾಗವಿರುವ ಹೊಸಬರಿಗೆ ನಾನು ಮೊದಲು ಹೇಳುವುದು ಈ ಹೊಲಿದು ಅಂಟಿಸುವ ವಿಧಾನವನ್ನೇ.

ಬ್ರಿಟನ್ನಿನಲ್ಲಿ 1962ರಲ್ಲಿ ವಿನ್ಯಾಸಗೊಂಡ ಮಿರರ್ ಎಂಬ ಪುಟ್ಟ ಹಾಯಿದೋಣಿ ಈ ವಿಧಾನವನ್ನು ಸಾಮಾನ್ಯರ ಗ್ಯಾರೇಜಿಗೆ ತಲುಪಿಸಿತು. ಹೊಲಿಗೆಯಂತೂ ನಮ್ಮ ಪಶ್ಚಿಮ ಕರಾವಳಿಗೆ ಹೊಸದಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು ‘ಕೌಂಡಿನ್ಯ’ 2025ರ ಮೇ ತಿಂಗಳಲ್ಲಿ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅಲ್ಲಿ ಹಗ್ಗವೇ ಶಾಶ್ವತ ಬಂಧ. ನಮ್ಮ ದೋಣಿಯಲ್ಲಿ ತಾಮ್ರದ ತಂತಿ ಅಂಟು ಗಟ್ಟಿಯಾಗುವವರೆಗೆ ಮಾತ್ರ.

ಮೊದಲ ದೋಣಿಗೆ ನಕ್ಷೆಯನ್ನು ಸ್ವಂತವಾಗಿ ಬರೆಯಬೇಡಿ. ಬೇರೆಯವರು ಕಟ್ಟಿ ತೇಲಿಸಿ ನೋಡಿದ ನಕ್ಷೆಯನ್ನು ಕೊಳ್ಳಿ. ಇಬ್ಬರು ಕೂರುವ ಹದಿನೈದು ಅಡಿಯ ದೋಣಿಗೆ ಸಾಮಾನ್ಯವಾಗಿ 8×4 ಅಡಿಯ ಮೂರು ಹಾಳೆ ಸಾಕು. ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ಡನ್ನೇ ಕೇಳಿ. 4 ಮಿ.ಮೀ. ಹಾಳೆ ಸುಮಾರು 8 ಕಿಲೋ ತೂಗುತ್ತದೆ, 6 ಮಿ.ಮೀ.ನದು ಗಟ್ಟಿ, ಆದರೆ ಹೊತ್ತು ಒಯ್ಯುವಾಗ ಭುಜಕ್ಕೆ ತಿಳಿಯುತ್ತದೆ. ಅಂಗಡಿಯಲ್ಲೇ ಹಾಳೆಯ ಅಂಚನ್ನು ನೋಡಿ, ಪದರಗಳ ನಡುವೆ ಟೊಳ್ಳಿದ್ದರೆ ಬಿಟ್ಟುಬಿಡಿ. ಒಂದು ತುಂಡನ್ನು ಕೆಲವು ಗಂಟೆ ನೀರಿನಲ್ಲಿ ಕುದಿಸಿದಾಗ ಪದರ ಬಿಟ್ಟರೆ ಅದು ಕಪಾಟಿಗೆ ಆದೀತು, ದೋಣಿಗಲ್ಲ.

ದೋಣಿಯ ಉದ್ದಕ್ಕೆ ಸಾಲುವಂತೆ ಹಾಳೆಗಳನ್ನು ತುದಿಗೆ ತುದಿ ಜೋಡಿಸಿಕೊಂಡು, ಎಡಬಲದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸಿ. ಗೆರೆಯಿಂದ ಗರಗಸ ಕೊಂಚ ಜಾರಿದರೂ ಎರಡೂ ಕಡೆ ಒಂದೇ ಸಮ ಜಾರಿರುತ್ತದೆ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಗೇಣಿಗಿಂತ ಕಡಿಮೆ ಅಂತರದಲ್ಲಿ ತೂತು ಕೊರೆದು, ತಂತಿಯ ತುಂಡುಗಳನ್ನು ತೂರಿಸಿ ಹೊರಗಿನಿಂದ ಇಕ್ಕಳದಲ್ಲಿ ತಿರುಚಬೇಕು. ಮೊದಲ ಸುತ್ತಿನಲ್ಲಿ ಸಡಿಲವಾಗಿಯೇ ಇರಲಿ. ಎರಡನೇ ಸುತ್ತಿನಲ್ಲಿ ಬಿಗಿಯುತ್ತ ಹೋದಂತೆ ಲೊಡಲೊಡ ಎನ್ನುತ್ತಿದ್ದ ಪಟ್ಟಿಗಳು ಒಮ್ಮೆಲೇ ಬಿಗಿದು ನಿಲ್ಲುತ್ತವೆ. ಅಲ್ಲೇ ಕೈ ತಡೆಯಿರಿ. ತುದಿಯಿಂದ ತುದಿಗೆ ನಡುವೆ ದಾರ ಎಳೆಯಿರಿ. ದೋಣಿಗೆ ಅಡ್ಡಲಾಗಿ ಎರಡು ನೇರ ರೀಪು ಇಟ್ಟು ಒಂದು ತುದಿಯಿಂದ ಕಣ್ಣು ಹಾಯಿಸಿ. ರೀಪುಗಳು ಒಂದಕ್ಕೊಂದು ಸಮಾನಾಂತರವಾಗಿ ಕಾಣದಿದ್ದರೆ ದೋಣಿ ತಿರುಚಿದೆ. ಅಂಟು ಬಿದ್ದ ಮೇಲೆ ಅದನ್ನು ತಿದ್ದಲಾಗದು, ಆ ತಿರುಚಿನ ದೋಣಿ ಆಯುಷ್ಯವಿಡೀ ಒಂದು ಪಕ್ಕಕ್ಕೆ ಎಳೆಯುತ್ತದೆ. ಇದಕ್ಕಾಗಿ ಅರ್ಧ ದಿನ ಹೋದರೂ ಹೋಗಲಿ.

ಹೊಸಬರು ಎಡವುವುದು ಮರಗೆಲಸದಲ್ಲಲ್ಲ, ಎಪಾಕ್ಸಿಯಲ್ಲಿ. ರಾಳಕ್ಕೆ ಹಾರ್ಡ್ನರನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಅಳೆಯಬೇಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಅಂಟು ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬೆರೆಸಿದ ಕೂಡಲೇ ಒಳಗೆ ಶಾಖ ಹುಟ್ಟುತ್ತದೆ. ಆಳದ ಲೋಟದಲ್ಲೇ ಬಿಟ್ಟರೆ ಆ ಶಾಖ ಹೊರಹೋಗಲಾಗದೆ ಲೋಟ ಮುಟ್ಟಲಾಗದಷ್ಟು ಕಾದು, ಹೊಗೆಯಾಡಿ, ಕಲ್ಲಾಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಬೆರೆಸಿ, ಅಗಲವಾದ ತಟ್ಟೆಗೆ ಹರಡಿಕೊಳ್ಳಿ. ಬೆಳಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಏಳುತ್ತದೆ. ಸಂಜೆ ಮರ ತಣಿಯುವ ಹೊತ್ತಿಗೆ ಹಚ್ಚಿದರೆ ಅದೇ ಗಾಳಿ ಕುಗ್ಗಿ ಅಂಟನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದ ತೇವದಲ್ಲಿ ಕೆಲವು ಎಪಾಕ್ಸಿಗಳ ಮೇಲೆ ಜಿಡ್ಡಿನ ಪೊರೆ ಕೂರುತ್ತದೆ. ಅದನ್ನು ನೀರಿನಲ್ಲಿ ತೊಳೆಯದೆ ಉಪ್ಪುಕಾಗದ ಮುಟ್ಟಿಸಬೇಡಿ. ಕರಾವಳಿಯಲ್ಲಾದರೆ ದೀಪಾವಳಿ ಕಳೆದ ಮೇಲೆ ಶುರುಮಾಡುವುದೇ ಒಳ್ಳೆಯದು. ಕೈಗವಸು, ಉಜ್ಜುವಾಗ ಮಾಸ್ಕ್ ಇರಲೇಬೇಕು. ಒಮ್ಮೆ ಈ ಅಂಟಿನ ಅಲರ್ಜಿ ಹತ್ತಿದರೆ ಮತ್ತೆ ಹತ್ತಿರ ಹೋಗಲಾಗದು.

ತಂತಿಗಳ ನಡುವೆ ಮೊದಲು ಚುಕ್ಕೆ ಚುಕ್ಕೆಯಾಗಿ ಅಂಟಿಸಿ, ಒಣಗಿದ ಮೇಲೆ ತಂತಿ ಕಿತ್ತುಬಿಡಿ. ಆಮೇಲೆ ನುಣ್ಣನೆಯ ಮರದ ಹುಡಿ ಕಲಸಿ ಗಟ್ಟಿಮಾಡಿದ ಎಪಾಕ್ಸಿಯನ್ನು ಒಳಮೂಲೆಗಳಲ್ಲಿ ದುಂಡಗೆ ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಕೂರಿಸಬೇಕು. ತಳದ ಹೊರಮೈಗೂ ಅದೇ ಬಟ್ಟೆ. ಎರಡೂ ತುದಿಗಳಲ್ಲಿ ಗಾಳಿಯಾಡದ ಕೋಣೆ ಮುಚ್ಚಿ. ಬಿಸಿಲಿಗೆ ಎಪಾಕ್ಸಿ ಹಾಳಾಗುವುದರಿಂದ ಬಣ್ಣವೋ ಬಿಸಿಲು ತಡೆಯುವ ವಾರ್ನಿಶೋ ಬೇಕೇ ಬೇಕು.

ಇಳಿಸುವ ಮುನ್ನ ಒಂದು ಸುಲಭ ಲೆಕ್ಕ. ನೀರಿಗೆ ತಾಗುವ ದೋಣಿಯ ಹರವು ಸುಮಾರು ಎರಡು ಚದರ ಮೀಟರ್ ಇದ್ದರೆ, ಪ್ರತಿ 20 ಕಿಲೋಗೆ ಅದು ಒಂದು ಸೆಂಟಿಮೀಟರ್ ಮುಳುಗುತ್ತದೆ. ಇಬ್ಬರು ಮತ್ತು ದೋಣಿ ಸೇರಿ 160 ಕಿಲೋ ಎಂದರೆ ಎಂಟು ಸೆಂಟಿಮೀಟರ್; ತಳ ಕಿರಿದಾಗುವುದರಿಂದ ಇನ್ನೂ ತುಸು ಹೆಚ್ಚು. ಹಾಗಾಗಿ ದೋಣಿ ಮುಳುಗುವ ಭಯಕ್ಕಿಂತ ಮಗುಚುವ ಭಯವೇ ನಿಜವಾದದ್ದು.

ಮೊದಲ ಸಲ ಸೊಂಟದಾಳದ, ಹರಿವಿಲ್ಲದ ನೀರು ಸಾಕು. ಜಲಾಶಯ, ಅರಣ್ಯದ ಹಿನ್ನೀರಾದರೆ ಇಲಾಖೆಯ ಅನುಮತಿ ಕೇಳಿ. ಹೊಳೆಯ ಅಳಿವೆಯ ಬಳಿ ಇಳಿತದ ಹೊತ್ತಿನಲ್ಲಿ ಇಳಿಯಲೇಬೇಡಿ, ನೀರು ಸಮುದ್ರದತ್ತ ಎಳೆಯುತ್ತದೆ. ಲೈಫ್ ಜಾಕೆಟ್ ತೊಟ್ಟೇ ಇಳಿಯಿರಿ. ಖಾಲಿ ದೋಣಿಯನ್ನು ಅರ್ಧ ಗಂಟೆ ತೇಲಿಬಿಟ್ಟು ಒಳಗೆ ಕೈಯಾಡಿಸಿ ಒದ್ದೆಯಿದೆಯೇ ನೋಡಿ. ಬಳಿಕ ಬೇಕೆಂದೇ ನೀರು ತುಂಬಿಸಿ, ಗಾಳಿಯ ಕೋಣೆಗಳು ಅದನ್ನು ಎತ್ತಿ ಹಿಡಿಯುತ್ತವೆಯೇ ಪರೀಕ್ಷಿಸಿ. ಹತ್ತುವಾಗ ಎರಡೂ ಅಂಚು ಹಿಡಿದು, ನಡುವೆ ಕಾಲಿಟ್ಟು, ತಳದಲ್ಲೇ ಮಂಡಿಯೂರಿ. ಮೈಭಾರ ಕೆಳಗಿದ್ದಷ್ಟೂ ಓಲಾಟ ಕಡಿಮೆ. ಬಲಗಡೆ ಹುಟ್ಟು ಹಾಕಿದರೆ ಮೂತಿ ಎಡಕ್ಕೆ ತಿರುಗುತ್ತದೆ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ಹಾಕಿ. ಒಬ್ಬರೇ ಆದರೆ ಎಳೆತದ ಕೊನೆಯಲ್ಲಿ ಹುಟ್ಟಿನ ಎಲೆಯನ್ನು ಹೊರಕ್ಕೆ ತಳ್ಳಿ ಮೂತಿಯನ್ನು ನೇರಕ್ಕೆ ತನ್ನಿ.

ಮನೆಗೆ ತಂದ ಮೇಲೆ ಒರೆಸಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರಗಳ ಮೇಲೆ ನೆರಳಿನಲ್ಲಿ ಬೋರಲಾಗಿಡಿ. ತಳವನ್ನು ಬೆರಳಿನಿಂದ ಸವರಿ ನೋಡಿ. ಕಲ್ಲು ತಾಗಿ ಮರ ಕಾಣುವಷ್ಟು ಗೀರಿದ್ದರೆ, ಅದು ಪೂರ್ತಿ ಒಣಗಿದ ಮೇಲೆಯೇ ಎಪಾಕ್ಸಿ ತುಂಬಿ. ಹಸಿ ಇರುವಾಗಲೇ ಮುಚ್ಚಿದರೆ ಪ್ಲೈವುಡ್ ಒಳಗಿಂದ ಕೊಳೆಯುತ್ತದೆ.